ಗೆರೆ ಮೂಡಿತು, ಸರಿ, ಅದರ ಅರ್ಥವೇನು?

ಮದುವೆ ಊಟದಲ್ಲಿ ಬಿಳಿ ಪಂಚೆಯ ಮೇಲೆ ಸಾರು ಚೆಲ್ಲಿಕೊಂಡವರಿಗೆ ಈ ಅನುಭವ ಆಗಿಯೇ ಇರುತ್ತದೆ. ಹಳದಿ ಕಲೆ ಹೋಗಲಿ ಅಂತ ಸೋಪು ಉಜ್ಜಿದರೆ, ಕಲೆ ಹೋಗುವ ಬದಲು ಕೆಂಪಗಾಗಿ ಇನ್ನಷ್ಟು ಎದ್ದು ಕಾಣುತ್ತದೆ. ಸೋಪಿನಲ್ಲಿ ಕ್ಷಾರ ಇದೆ, ಅರಿಶಿನಕ್ಕೆ ಕ್ಷಾರ ತಗುಲಿದರೆ ಬಣ್ಣ ಬದಲಾಗುತ್ತದೆ. ಆರತಿ ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕದಡಿ ಕೆಂಪು ಮಾಡುವ ಅಜ್ಜಿಯರಿಗೆ ಇದು ಹೊಸ ವಿಷಯವೇನಲ್ಲ. ಅದೇ ಅರಿಶಿನದ ನೀರನ್ನು ಕಾಗದದ ಚೂರಿಗೆ ಬಳಿದು ಒಣಗಿಸಿಟ್ಟರೆ ಒಂದು ಪರೀಕ್ಷಾ ಪಟ್ಟಿ ಸಿದ್ಧ. ಯಾವುದೋ ದ್ರಾವಣದ ಒಂದು ಹನಿ ಬಿಟ್ಟು ನೋಡಿ: ಕೆಂಪಾದರೆ ಕ್ಷಾರ, ಹಳದಿಯಾಗಿಯೇ ಉಳಿದರೆ ಅಲ್ಲ. ಯಂತ್ರ ಬೇಡ, ಕರೆಂಟು ಬೇಡ, ಅಕ್ಷರ ಬರಬೇಕೆಂದೂ ಇಲ್ಲ.

ಗರ್ಭ ನಿಂತಿದೆಯೇ ಎಂದು ನೋಡುವ ಕಾರ್ಡು, ಮಲೇರಿಯಾ ಕಾರ್ಡು, ಮಳೆಗಾಲದಲ್ಲಿ ಎಲ್ಲ ಲ್ಯಾಬುಗಳಲ್ಲೂ ಕಾಣುವ ಡೆಂಗಿ ಕಾರ್ಡು, ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ನೋಡಿದ ಆ್ಯಂಟಿಜೆನ್ ಕಾರ್ಡು, ಇವೆಲ್ಲ ಈ ಅರಿಶಿನದ ಪಟ್ಟಿಯ ವಂಶದವೇ. ಪ್ಲಾಸ್ಟಿಕ್ ಡಬ್ಬಿಯನ್ನು ಬಿಚ್ಚಿದರೆ ಒಳಗೆ ಸಿಗುವುದು ನಾಲ್ಕೈದು ಮಿಲಿಮೀಟರ್ ಅಗಲದ ಒಂದು ಪಟ್ಟಿ, ಅಷ್ಟೆ. ಅಷ್ಟು ಸಣ್ಣ ಪಟ್ಟಿ ಇಷ್ಟು ದೊಡ್ಡ ಕೆಲಸ ಹೇಗೆ ಮಾಡುತ್ತದೆ ಎನ್ನುವುದು ಒಂದು ಪ್ರಶ್ನೆ. ಅದು ಕೊಟ್ಟ ಉತ್ತರವನ್ನು ಎಷ್ಟು ನಂಬಬೇಕು ಎನ್ನುವುದು ಬೇರೆಯೇ ಪ್ರಶ್ನೆ. ಮೊದಲನೆಯದನ್ನು ವಿವರಿಸುವ ಬರಹಗಳು ಬೇಕಾದಷ್ಟಿವೆ. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಎರಡನೆಯದು. ಆದರೆ ಮೊದಲನೆಯದನ್ನು ದಾಟದೆ ಅಲ್ಲಿಗೆ ಹೋಗಲಾಗದು.

ಇರುವೆ, ಉಣ್ಣೆ, ಕಾಗದ

ಮೂತ್ರಕ್ಕೆ ಇರುವೆ ಮುತ್ತಿದರೆ ಮಧುಮೇಹ ಎಂದು ನಮ್ಮ ಹಳೆಯ ವೈದ್ಯರು ಗುರುತಿಸಿದ್ದರು. ಅಲ್ಲಿ ಇರುವೆಯೇ ಪರೀಕ್ಷೆಯ ಕಿಟ್. 1850ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಜೂಲ್ ಮೋಮನೆ ಮೆರಿನೊ ಉಣ್ಣೆಯ ಪಟ್ಟಿಗೆ ತವರದ ಒಂದು ಲವಣವನ್ನು ಹೀರಿಸಿದ. ಅದರ ಮೇಲೆ ಮೂತ್ರದ ಹನಿ ಬಿಟ್ಟು ಮೇಣದ ಬತ್ತಿಯ ಬಿಸಿ ತಾಗಿಸಿದರೆ, ಸಕ್ಕರೆ ಇದ್ದಲ್ಲಿ ಪಟ್ಟಿ ಕಪ್ಪಾಗುತ್ತಿತ್ತು. ಹಾಗೆ ನೋಡಿದರೆ ಇಂಥ ಪಟ್ಟಿಗಳ ಕತೆ ಶುರುವಾದದ್ದು ಕಾಗದದಿಂದಲ್ಲ, ಬಟ್ಟೆಯಿಂದ. ಇದನ್ನು ನೆನಪಿನಲ್ಲಿಡಿ, ಕೊನೆಗೆ ಮತ್ತೆ ಬರುತ್ತದೆ.

ಆಮೇಲೆ ಬಹಳ ಕಾಲ ನಡೆದದ್ದು ಬೆನೆಡಿಕ್ಟ್ ದ್ರಾವಣದ ಕಾರುಬಾರು. ಪ್ರನಾಳದಲ್ಲಿ ನೀಲಿ ದ್ರಾವಣ ಹಾಕಿ, ಮೂತ್ರ ಬೆರೆಸಿ, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ಹಸಿರು, ಹಳದಿ, ಇಟ್ಟಿಗೆ ಕೆಂಪು, ಹೀಗೆ ಬಣ್ಣ ಏರಿದಂತೆ ಸಕ್ಕರೆಯೂ ಹೆಚ್ಚು. 1956ರಲ್ಲಿ ಅಮೆರಿಕದ ಮೈಲ್ಸ್ ಲ್ಯಾಬೊರೇಟರೀಸ್‌ನಲ್ಲಿದ್ದ ಆಲ್ಫ್ರೆಡ್ ಫ್ರೀ ಮತ್ತು ಹೆಲೆನ್ ಫ್ರೀ ದಂಪತಿಯ ಕೆಲಸದಿಂದ ಕ್ಲಿನಿಸ್ಟಿಕ್ಸ್ ಎಂಬ ಕಾಗದದ ಪಟ್ಟಿ ಬಂತು. ಅದ್ದಿ ತೆಗೆದರೆ ಸಾಕು, ಕುದಿಸುವುದಿಲ್ಲ. ಕಾಗದದಲ್ಲಿ ಎರಡು ಕಿಣ್ವಗಳನ್ನು ಒಣಗಿಸಿಟ್ಟಿದ್ದರು. ಒಂದು ಗ್ಲೂಕೋಸನ್ನು ಮುರಿದು ಹೈಡ್ರೊಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ, ಇನ್ನೊಂದು ಆ ಪೆರಾಕ್ಸೈಡನ್ನು ಬಳಸಿ ಬಣ್ಣ ಬರಿಸುತ್ತದೆ. ಇಂದು ಆಸ್ಪತ್ರೆಯಲ್ಲಿ ಮೂತ್ರಕ್ಕೆ ಅದ್ದುವ, ಹತ್ತು ಬಣ್ಣದ ಚೌಕಗಳಿರುವ ಪಟ್ಟಿ ಇದರ ಮೊಮ್ಮಗ.

ಸಕ್ಕರೆ ಮೂತ್ರದಲ್ಲಿ ಗ್ರಾಂ ಲೆಕ್ಕದಲ್ಲಿ ಸಿಗುವ ಸಾಮಗ್ರಿ. ಆದರೆ ಮಲೇರಿಯಾ ಪರಾವಲಂಬಿಯ ಪ್ರೋಟೀನೋ ಗರ್ಭಿಣಿಯ ಹಾರ್ಮೋನೋ ಅಷ್ಟು ಧಾರಾಳವಾಗಿ ಸಿಗುವುದಿಲ್ಲ. ಅವನ್ನು ಹುಡುಕುವುದು ಜಾತ್ರೆಯ ಜನಜಂಗುಳಿಯಲ್ಲಿ ಒಬ್ಬನನ್ನು ಹುಡುಕಿದ ಹಾಗೆ. ಅದಕ್ಕೆ ಮುಖ ಗುರುತು ಹಿಡಿಯುವವರು ಬೇಕು. ಆ ಕೆಲಸಕ್ಕೆ ಒದಗಿದ್ದು ಪ್ರತಿಕಾಯಗಳು, ಅಂದರೆ ಮೈಯೊಳಗೆ ಹೊಕ್ಕ ಅನ್ಯವಸ್ತುವನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನುಗಳು. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಅಚ್ಚಿನ ಪ್ರತಿಕಾಯವನ್ನು ಎಷ್ಟು ಬೇಕೋ ಅಷ್ಟು ತಯಾರಿಸುವ ದಾರಿ ಕಂಡುಕೊಂಡರು. 1984ರಲ್ಲಿ ಅವರಿಗೆ ನೊಬೆಲ್ ಬಂತು. ಅದಿಲ್ಲದಿದ್ದರೆ ಮೆಡಿಕಲ್ ಸ್ಟೋರಿನ ಐವತ್ತು ರೂಪಾಯಿ ಆಸುಪಾಸಿನ ಆ ಕಾರ್ಡು ಇರುತ್ತಿರಲಿಲ್ಲ.

ಪಟ್ಟಿಯೊಳಗೆ ಹರಿಯುವ ಹಳ್ಳ

ಗರ್ಭಪರೀಕ್ಷೆಯ ಕಾರ್ಡನ್ನೇ ತೆಗೆದುಕೊಳ್ಳೋಣ. ಒಂದೇ ಹೆಜ್ಜೆಯ ಇಂಥ ಪಟ್ಟಿ 1988ರಲ್ಲಿ ಬ್ರಿಟನ್ನಿನ ಯೂನಿಪಾಥ್ ಕಂಪನಿಯಿಂದ ಕ್ಲಿಯರ್‌ಬ್ಲೂ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ನಮ್ಮಲ್ಲಿ ಆಶಾ ಕಾರ್ಯಕರ್ತೆಯರ ಮೂಲಕ ಹಂಚಿಕೆಯಾಗುವ ‘ನಿಶ್ಚಯ್’ ಕಿಟ್‌ನ ಒಳಗಿರುವುದೂ ಇದೇ ತತ್ವ.

ಮೂತ್ರದ ಹನಿ ಬೀಳುವ ಕಡೆ ಒಂದು ಮೆತ್ತೆ ಇದೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಪಟ್ಟಿಯ ಸಣ್ಣ ಸಣ್ಣ ರಂಧ್ರಗಳು ದ್ರವವನ್ನು ಮುಂದಕ್ಕೆ ಎಳೆಯುತ್ತವೆ. ಪಂಪು ಮಾಡಬೇಕಾದ ಕೆಲಸವನ್ನು ಕಾಗದ ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಅಗ್ಗದ ರಹಸ್ಯದಲ್ಲಿ ಅರ್ಧ ಪಾಲು ಇದೇ. ದಾರಿಯಲ್ಲಿ ದ್ರವಕ್ಕೆ ಮೊದಲು ಎದುರಾಗುವುದು ಒಣಗಿಸಿಟ್ಟ ಬಂಗಾರ. ಹೌದು, ನಿಜವಾದ ಬಂಗಾರವೇ. ಆದರೆ ಅದರ ಕಣದ ಗಾತ್ರ ಸುಮಾರು 40 ನ್ಯಾನೊಮೀಟರು, ಅಂದರೆ ಕೂದಲಿನ ದಪ್ಪಕ್ಕಿಂತ ಸಾವಿರಾರು ಪಟ್ಟು ಸಣ್ಣದು. ಅಷ್ಟು ಸಣ್ಣದಾದ ಬಂಗಾರ ಹಸಿರು ಬೆಳಕನ್ನು ನುಂಗಿಕೊಂಡು ಕೆಂಪಗೆ ಕಾಣುತ್ತದೆ. ಮೈಕೆಲ್ ಫ್ಯಾರಡೆ 1857ರಲ್ಲೇ ಮಾಣಿಕ್ಯದ ಬಣ್ಣದ ಬಂಗಾರದ ದ್ರವದ ಬಗ್ಗೆ ಬರೆದಿದ್ದ. ಕಾರ್ಡಿನ ಮೇಲೆ ನೀವು ನೋಡುವ ಕೆಂಪು ಗೆರೆ ಯಾವ ಶಾಯಿಯೂ ಅಲ್ಲ, ಒಟ್ಟುಗೂಡಿದ ಬಂಗಾರ. (ಅದನ್ನು ಕೆರೆದು ಮಾರಲು ಹೊರಟರೆ ಬಸ್ ಚಾರ್ಜೂ ಹುಟ್ಟುವುದಿಲ್ಲ.) ಕೆಲವು ಕಂಪನಿಗಳು ಬಂಗಾರದ ಬದಲು ನೀಲಿ ಲೇಟೆಕ್ಸ್ ಕಣ ಬಳಸುತ್ತವೆ, ಆಗ ಗೆರೆ ನೀಲಿ.

ಒಂದೊಂದು ಬಂಗಾರದ ಕಣಕ್ಕೂ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ಮೂತ್ರದಲ್ಲಿ ಗರ್ಭದ ಹಾರ್ಮೋನು ಎಚ್‌ಸಿಜಿ ಇದ್ದರೆ, ಈ ಪ್ರತಿಕಾಯ ಅದರ ಒಂದು ತುದಿಯನ್ನು ಹಿಡಿದುಕೊಳ್ಳುತ್ತದೆ. ಹೀಗೆ ಕೈಹಿಡಿದ ಜೋಡಿ ಮುಂದೆ ಹರಿದು ನೈಟ್ರೊಸೆಲ್ಯುಲೋಸ್ ಹಾಳೆಯನ್ನು ಸೇರುತ್ತದೆ. ಅಲ್ಲಿ ಹಳ್ಳಕ್ಕೆ ಅಡ್ಡಲಾಗಿ ಬಲೆ ಕಟ್ಟಿದಂತೆ, ಕಣ್ಣಿಗೆ ಕಾಣದ ಒಂದು ಗೆರೆಯುದ್ದಕ್ಕೂ ಇನ್ನೊಂದು ಬಗೆಯ ಪ್ರತಿಕಾಯವನ್ನು ನೆಟ್ಟಿರುತ್ತಾರೆ. ಅದು ಹಾರ್ಮೋನಿನ ಇನ್ನೊಂದು ತುದಿಯನ್ನು ಹಿಡಿಯುತ್ತದೆ. ಹಾರ್ಮೋನು ಬಲೆಗೆ ಬಿದ್ದರೆ ಅದರ ಕೈ ಬಿಡದ ಬಂಗಾರವೂ ಅಲ್ಲೇ ನಿಲ್ಲುತ್ತದೆ. ಲಕ್ಷಾಂತರ ಕಣಗಳು ಹೀಗೆ ಒಂದೇ ಕಡೆ ನಿಂತಾಗ ನಮಗೆ ಕಾಣುವುದು ಕೆಂಪು ಗೆರೆ. ಕಾರ್ಡಿನ ಮೇಲೆ ‘ಟಿ’ ಎಂದು ಬರೆದಿರುವುದು ಇಲ್ಲಿಗೆ. ಹಾರ್ಮೋನು ಇಲ್ಲದಿದ್ದರೆ ಬಂಗಾರ ಬಲೆಯನ್ನು ದಾಟಿ ಹೊರಟುಹೋಗುತ್ತದೆ.

ಸ್ವಲ್ಪ ಮುಂದೆ ಎರಡನೇ ಬಲೆ. ಇದು ಹಾರ್ಮೋನು ಇರಲಿ ಬಿಡಲಿ, ಬಂಗಾರಕ್ಕೆ ಅಂಟಿದ ಪ್ರತಿಕಾಯವನ್ನೇ ಹಿಡಿದು ನಿಲ್ಲಿಸುತ್ತದೆ. ಕಾರ್ಡಿನ ಮೇಲೆ ‘ಸಿ’ ಎಂದು ಬರೆದಿರುವುದು ಇದಕ್ಕೆ. ಇಲ್ಲಿ ಗೆರೆ ಬಂತೆಂದರೆ ದ್ರವ ಇಲ್ಲಿಯವರೆಗೆ ಹರಿದಿದೆ, ಬಂಗಾರ ಕೆಲಸ ಮಾಡಿದೆ ಎಂದು ಅರ್ಥ. ಇಲ್ಲಿ ಗೆರೆ ಬಾರದಿದ್ದರೆ ಇನ್ನೊಂದು ಕಡೆ ಏನೇ ಕಂಡರೂ ಆ ಕಾರ್ಡು ಕಸ. ‘ಒಂದೇ ಗೆರೆ ಬಂತು, ಟಿ ಹತ್ತಿರ’ ಎಂದು ಖುಷಿಪಡುವವರೂ ಗಾಬರಿಯಾಗುವವರೂ ಇದ್ದಾರೆ. ಅದಕ್ಕೆ ಅರ್ಥವೇ ಇಲ್ಲ, ಹೊಸ ಕಾರ್ಡು ತೆಗೆಯಬೇಕು.

ಇದಕ್ಕೆ ತಲೆಕೆಳಗಾದ ಪಟ್ಟಿಗಳೂ ಇವೆ. ಮಾದಕ ವಸ್ತುಗಳಂಥ ಪುಟ್ಟ ಅಣುಗಳಿಗೆ ಎರಡು ಪ್ರತಿಕಾಯಗಳು ಎರಡು ಕಡೆಯಿಂದ ಹಿಡಿಯುವಷ್ಟು ಮೈಯೇ ಇರುವುದಿಲ್ಲ. ಅಲ್ಲಿ ಆ ವಸ್ತು ಇದ್ದರೆ ಗೆರೆ ಮಾಯವಾಗುತ್ತದೆ, ಇಲ್ಲದಿದ್ದರೆ ಗೆರೆ ಬರುತ್ತದೆ. ಕಾರ್ಡಿನ ಜೊತೆ ಬರುವ ಚೀಟಿಯನ್ನು ಓದದೆ ಎಸೆಯಬಾರದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಇನ್ನೊಂದು ವಿಚಿತ್ರ ಇದೆ. ಹುಡುಕುವ ವಸ್ತು ವಿಪರೀತ ಹೆಚ್ಚಿದ್ದರೂ ಗೆರೆ ಮಸುಕಾಗಬಹುದು. ಬಂಗಾರದ ಕೈಗಳೆಲ್ಲ ತುಂಬಿಹೋಗಿರುತ್ತವೆ, ಬಲೆಯ ಕೈಗಳನ್ನೂ ಬಂಗಾರ ಸಿಗದ ಬರಿಗೈ ಹಾರ್ಮೋನುಗಳೇ ಬಂದು ತುಂಬಿರುತ್ತವೆ. ನಡುವೆ ಸೇತುವೆಯಾಗಿ ನಿಲ್ಲುವವರು ಯಾರೂ ಇರುವುದಿಲ್ಲ. ಅಪರೂಪ, ಆದರೆ ನಡೆಯುವಂಥದ್ದೇ.

ಕಾಗದದ ಗದ್ದೆ

ಗೆರೆ ಒಂದೇ ಪ್ರಶ್ನೆಗೆ ಹೌದು ಅಥವಾ ಇಲ್ಲ ಎನ್ನುತ್ತದೆ. ಒಂದೇ ಹನಿಯಲ್ಲಿ ನಾಲ್ಕು ಪ್ರಶ್ನೆ ಕೇಳಬೇಕಾದರೆ? 2007ರಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ ಕಾಗದದ ಮೇಲೆ ನೀರು ದಾಟದ ಗೋಡೆಗಳನ್ನು ಎಬ್ಬಿಸಿ, ನಡುವೆ ಕಾಲುವೆಗಳನ್ನು ಬಿಟ್ಟಿತು. ಗದ್ದೆಗೆ ನೀರು ಹಾಯಿಸುವವರಿಗೆ ಇದನ್ನು ವಿವರಿಸಬೇಕಿಲ್ಲ: ಬದು ಇದ್ದಲ್ಲಿ ನೀರು ನಿಲ್ಲುತ್ತದೆ, ಮಡೆ ಬಿಟ್ಟಲ್ಲಿ ಹರಿಯುತ್ತದೆ. ಮೂತ್ರದ ಒಂದು ಹನಿ ಕವಲೊಡೆದು ಒಂದು ಮಡಿಯಲ್ಲಿ ಗ್ಲೂಕೋಸಿಗೆ, ಇನ್ನೊಂದರಲ್ಲಿ ಪ್ರೋಟೀನಿಗೆ ಬಣ್ಣ ತೋರಿಸಿತು. ಮುಂದೆ ಮೇಣವನ್ನೇ ಶಾಯಿಯಾಗಿ ಬಳಸುವ ಪ್ರಿಂಟರಿನಿಂದ ಈ ಬದುಗಳನ್ನು ಅಚ್ಚು ಹಾಕಿ, ಬಿಸಿ ಮಾಡಿ, ಮೇಣ ಕಾಗದದ ಆಳಕ್ಕೆ ಇಳಿಯುವಂತೆ ಮಾಡುವ ಸುಲಭ ವಿಧಾನ ಬಂತು.

ಇದೇ ದಾರಿಯಲ್ಲಿ ಅಂಚೆ ಚೀಟಿಯಷ್ಟು ದೊಡ್ಡ ಪಿತ್ತಜನಕಾಂಗದ ಪರೀಕ್ಷೆಯೊಂದು ತಯಾರಾಯಿತು. ಕ್ಷಯ ಮತ್ತು ಎಚ್‌ಐವಿ ಔಷಧಿಗಳಲ್ಲಿ ಕೆಲವು ಪಿತ್ತಜನಕಾಂಗಕ್ಕೆ ಪೆಟ್ಟು ಕೊಡುತ್ತವೆ. ಆಗಾಗ ರಕ್ತ ನೋಡುತ್ತಿರಬೇಕು, ಹಳ್ಳಿಯಲ್ಲಿ ಅದಕ್ಕೆ ವ್ಯವಸ್ಥೆ ಇರುವುದಿಲ್ಲ. ಬೆರಳು ಚುಚ್ಚಿ ಒಂದು ಹನಿ ರಕ್ತ ಹಾಕಿದರೆ ಮೇಲಿನ ಪದರ ಕೆಂಪು ರಕ್ತಕಣಗಳನ್ನು ಸೋಸಿ, ಕೆಳಗಿನ ಕಾಗದದಲ್ಲಿ ಬಣ್ಣ ಬರಿಸುವ ಏರ್ಪಾಡು ಅದು. ವಿಯೆಟ್ನಾಮಿನ ಆಸ್ಪತ್ರೆಯಲ್ಲಿ ಪ್ರಯೋಗಿಸಿಯೂ ನೋಡಿದರು.

ಇಷ್ಟಾಗಿಯೂ ನಮ್ಮೂರ ಮೆಡಿಕಲ್ ಸ್ಟೋರಿನಲ್ಲಿ ಇಂದು ಸಿಗುವುದು ಹೆಚ್ಚಾಗಿ ಹಳೆಯ ಗೆರೆ ಕಾರ್ಡುಗಳೇ. ಗೆರೆ ಇದೆಯೋ ಇಲ್ಲವೋ ಎಂದು ಹೇಳುವುದು ಸುಲಭ. ಇದು ತಿಳಿ ಗುಲಾಬಿಯೋ ಕಡು ಗುಲಾಬಿಯೋ ಎಂದು ಹೇಳುವುದು ಕಷ್ಟ. ಬಿಸಿಲಲ್ಲಿ ಒಂದು ಬಣ್ಣ, ಟ್ಯೂಬ್‌ಲೈಟಿನಲ್ಲಿ ಇನ್ನೊಂದು. ಅದರ ಮೇಲೆ, ಕೊಳ್ಳುವ ಶಕ್ತಿ ಇಲ್ಲದವರಿಗೆಂದೇ ಮಾಡಿದ ವಸ್ತುವಿಗೆ ಬಂಡವಾಳ ಹಾಕುವವರು ವಿರಳ. ವಿಜ್ಞಾನದ ವರದಿಗಳು ‘ಕೆಲವೇ ರೂಪಾಯಿಗಳಲ್ಲಿ ಪರೀಕ್ಷೆ’ ಎಂದು ಹೇಳಿದಾಗ ಅದು ಕಾಗದದ ಬೆಲೆ. ಪರವಾನಗಿ, ಗುಣಮಟ್ಟದ ತಪಾಸಣೆ, ತೇವ ತಾಗದ ಪೊಟ್ಟಣ, ಸಾಗಾಟ, ಕಲಿಸುವವರ ಸಂಬಳ ಇವು ಯಾವುವೂ ಆ ಲೆಕ್ಕದಲ್ಲಿರುವುದಿಲ್ಲ. ಇಂಥ ಪರೀಕ್ಷೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗುಣಗಳ ಪಟ್ಟಿಯಲ್ಲಿ ಅಗ್ಗವಾಗಿರಬೇಕು ಎನ್ನುವುದು ಮೊದಲು ಬರುತ್ತದೆ, ಬೇಕಾದವರ ಕೈಗೆ ತಲುಪಬೇಕು ಎನ್ನುವುದು ಕೊನೆಗೆ. ಹೆಚ್ಚಿನವು ಎಡವುವುದು ಆ ಕೊನೆಯದರಲ್ಲೇ.

ಕಾಗದವನ್ನು ಬೇರೆ ರೀತಿಯಲ್ಲೂ ದುಡಿಸಿಕೊಂಡವರಿದ್ದಾರೆ. ಅಂಗಿಯ ಗುಂಡಿಗೆ ದಾರ ಪೋಣಿಸಿ, ಎರಡೂ ಕೈಯಿಂದ ಎಳೆದು ಬಿಟ್ಟು ‘ಗುಂಯ್’ ಎನ್ನಿಸುವ ಆಟ ನಾವೆಲ್ಲ ಆಡಿದ್ದೇವೆ. ಸ್ಟ್ಯಾನ್‌ಫರ್ಡ್‌ನಲ್ಲಿರುವ ಭಾರತ ಮೂಲದ ವಿಜ್ಞಾನಿ ಮನು ಪ್ರಕಾಶ್ ಮತ್ತು ಸಂಗಡಿಗರು 2017ರಲ್ಲಿ ಅದೇ ಆಟಿಕೆಯನ್ನು ಕಾಗದದ ಬಿಲ್ಲೆಯಿಂದ ಮಾಡಿ, ರಕ್ತ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಮಾಡಿದರು. ತೂಕ ಎರಡು ಗ್ರಾಂ, ಸಾಮಗ್ರಿಯ ಖರ್ಚು 20 ಅಮೆರಿಕನ್ ಸೆಂಟು, ವೇಗ ನಿಮಿಷಕ್ಕೆ 1,25,000 ಸುತ್ತು. ಒಂದೂವರೆ ನಿಮಿಷದೊಳಗೆ ರಕ್ತದಿಂದ ಪ್ಲಾಸ್ಮಾ ಬೇರೆಯಾಗುತ್ತದೆ.

ಪ್ರಶ್ನೆ ತಪ್ಪಿದ್ದರೆ

ಈಗ ಎರಡನೇ ಪ್ರಶ್ನೆಗೆ ಬರೋಣ. ಗೆರೆ ಮೂಡಿತು. ಅದರ ಅರ್ಥವೇನು?

ಡೆಂಗಿ ಕಾರ್ಡನ್ನು ನೋಡಿ. ಅದರಲ್ಲಿ ಸಾಮಾನ್ಯವಾಗಿ ಎರಡು ಬೇರೆ ಪರೀಕ್ಷೆಗಳಿರುತ್ತವೆ. ಒಂದು ಎನ್‌ಎಸ್1, ವೈರಸ್ ಬಿಡುಗಡೆ ಮಾಡುವ ಪ್ರೋಟೀನನ್ನು ಹುಡುಕುತ್ತದೆ. ಅದು ಸಿಗುವುದು ಜ್ವರದ ಮೊದಲ ಕೆಲವು ದಿನಗಳಲ್ಲಿ. ಇನ್ನೊಂದು ಐಜಿಎಂ, ವೈರಸ್ಸಿಗೆ ಉತ್ತರವಾಗಿ ನಮ್ಮ ಮೈ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತದೆ. ಅದು ಕಾಣಿಸಿಕೊಳ್ಳಲು ಸುಮಾರು ಐದು ದಿನ ಬೇಕು. ಜ್ವರ ಬಂದ ಎರಡನೇ ದಿನ ಐಜಿಎಂ ನೋಡಿ ‘ನೆಗೆಟಿವ್, ಡೆಂಗಿ ಅಲ್ಲ’ ಎನ್ನುವುದು, ಆರನೇ ದಿನ ಬರೀ ಎನ್‌ಎಸ್1 ನೋಡಿ ನಿಶ್ಚಿಂತರಾಗುವುದು, ಎರಡೂ ತಪ್ಪು. ಕಾರ್ಡು ಸುಳ್ಳು ಹೇಳಿಲ್ಲ, ಕೇಳಿದ ಹೊತ್ತು ಸರಿಯಿಲ್ಲ. ಡೆಂಗಿಯನ್ನು ಖಚಿತಪಡಿಸಲು ರಾಷ್ಟ್ರೀಯ ಮಾರ್ಗಸೂಚಿ ಹೇಳುವುದೂ ಕಾರ್ಡನ್ನಲ್ಲ, ಎಲೈಸಾ ಎಂಬ ಲ್ಯಾಬ್ ಪರೀಕ್ಷೆಯನ್ನು.

ಇನ್ನು ಪ್ರಶ್ನೆಯೇ ತಪ್ಪಾಗಿದ್ದ ಕತೆ ಕ್ಷಯರೋಗದ್ದು. ರಕ್ತದಲ್ಲಿ ಕ್ಷಯದ ಪ್ರತಿಕಾಯ ಇದೆಯೇ ಎಂದು ನೋಡುವ ಪರೀಕ್ಷೆಗಳು ನಮ್ಮ ದೇಶದ ಖಾಸಗಿ ಲ್ಯಾಬುಗಳಲ್ಲಿ ವರ್ಷಗಟ್ಟಲೆ ಭರ್ಜರಿಯಾಗಿ ನಡೆದವು. ಆದರೆ ನಮ್ಮಲ್ಲಿ ಕೋಟ್ಯಂತರ ಜನರ ಮೈಯಲ್ಲಿ ಕ್ಷಯದ ರೋಗಾಣು ಸದ್ದಿಲ್ಲದೆ ಮಲಗಿರುತ್ತದೆ, ಅವರು ರೋಗಿಗಳಲ್ಲ. ಪ್ರತಿಕಾಯ ಇದ್ದವರಿಗೆಲ್ಲ ರೋಗವಿಲ್ಲ, ರೋಗ ಇದ್ದವರಲ್ಲೆಲ್ಲ ಪ್ರತಿಕಾಯ ಸಿಗುವುದೂ ಇಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವನ್ನು ಬಳಸಲೇಬೇಡಿ ಎಂದಿತು. 2012ರಲ್ಲಿ ಭಾರತ ಸರ್ಕಾರ ಇವುಗಳ ತಯಾರಿಕೆ, ಆಮದು, ಮಾರಾಟವನ್ನು ನಿಷೇಧಿಸಿತು. ಬೇಗ ಬರುತ್ತದೆ, ಸುಲಭ ಎನ್ನುವ ಒಂದೇ ಕಾರಣಕ್ಕೆ ಒಂದು ಪರೀಕ್ಷೆ ಎಷ್ಟು ಕಾಲ ಬದುಕಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಮಲೇರಿಯಾ ಕಾರ್ಡಿನದು ಇನ್ನೂ ಸ್ವಾರಸ್ಯ. ಫಾಲ್ಸಿಪಾರಂ ಬಗೆಯ ಮಲೇರಿಯಾಕ್ಕೆ ಅದು ಹುಡುಕುವುದು ಎಚ್‌ಆರ್‌ಪಿ2 ಎಂಬ ಪ್ರೋಟೀನನ್ನು. ಪರಾವಲಂಬಿ ಸತ್ತ ಮೇಲೂ ಈ ಪ್ರೋಟೀನು ರಕ್ತದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಗುಣವಾದವರಿಗೂ ಗೆರೆ ಬರುತ್ತದೆ, ಹಾಗಾಗಿ ಚಿಕಿತ್ಸೆ ಫಲಿಸಿತೇ ಎಂದು ನೋಡಲು ಈ ಕಾರ್ಡು ಪ್ರಯೋಜನವಿಲ್ಲ. ಜೊತೆಗೆ 2010ರಲ್ಲಿ ಪೆರು ದೇಶದ ಅಮೆಜಾನ್ ಸೀಮೆಯಿಂದ ಒಂದು ವರದಿ ಬಂತು: ಅಲ್ಲಿನ ಕೆಲವು ಪರಾವಲಂಬಿಗಳು ಈ ಪ್ರೋಟೀನಿನ ಜೀನನ್ನೇ ಕಳೆದುಕೊಂಡಿವೆ. ಕಾರ್ಡಿಗೆ ಅವು ಕಾಣುವುದೇ ಇಲ್ಲ. ಮುಂದೆ ಆಫ್ರಿಕದ ಎರಿಟ್ರಿಯಾದಲ್ಲಿ ಇಂಥವು ಎಷ್ಟು ಹೆಚ್ಚಿದವೆಂದರೆ ಆ ದೇಶ ಕಾರ್ಡನ್ನೇ ಬದಲಿಸಬೇಕಾಯಿತು. ಯೋಚಿಸಿ ನೋಡಿ: ಕಾರ್ಡಿನಲ್ಲಿ ಸಿಕ್ಕಿಬಿದ್ದ ಪರಾವಲಂಬಿಗೆ ಔಷಧಿ ಬೀಳುತ್ತದೆ, ತಪ್ಪಿಸಿಕೊಂಡದ್ದು ಸಂತಾನ ಬೆಳೆಸುತ್ತದೆ. ರೋಗ ಹುಡುಕುವ ಸಾಧನವೇ ತನಗೆ ಕಾಣದ ರೋಗಾಣುವಿಗೆ ದಾರಿ ಮಾಡಿಕೊಡಬಹುದು.

ಸಾವಿರ ಜನರ ಲೆಕ್ಕ

ಒಂದು ಕಾರ್ಡು ನೂರು ರೋಗಿಗಳಲ್ಲಿ 90 ಜನರನ್ನು ಹಿಡಿಯುತ್ತದೆ, ರೋಗವಿಲ್ಲದ ನೂರು ಜನರಲ್ಲಿ 95 ಜನರಿಗೆ ಸರಿಯಾಗಿ ‘ಇಲ್ಲ’ ಎನ್ನುತ್ತದೆ ಎಂದುಕೊಳ್ಳಿ. ಕೇಳಲು ಒಳ್ಳೆಯ ಕಾರ್ಡು. ಇದನ್ನು ಒಂದು ಊರಿನ 1,000 ಜನರಿಗೆ, ಜ್ವರ ಇರಲಿ ಇಲ್ಲದಿರಲಿ, ಎಲ್ಲರಿಗೂ ಮಾಡಿದೆವು. ಅವರಲ್ಲಿ ನಿಜವಾಗಿ ರೋಗ ಇರುವವರು 10 ಮಂದಿ. ಕಾರ್ಡು 9 ಜನರನ್ನು ಹಿಡಿಯಿತು. ಉಳಿದ 990 ಆರೋಗ್ಯವಂತರಲ್ಲಿ ನೂರಕ್ಕೆ ಐವರ ಲೆಕ್ಕದಲ್ಲಿ ಸುಮಾರು 50 ಜನರಿಗೆ ತಪ್ಪಾಗಿ ಗೆರೆ ಬಂತು. ಒಟ್ಟು 59 ಪಾಸಿಟಿವ್, ಅದರಲ್ಲಿ ನಿಜವಾದವು 9. ಗೆರೆ ಬಂದ ಆರು ಜನರಲ್ಲಿ ಐವರಿಗೆ ರೋಗವೇ ಇಲ್ಲ!

ಅದೇ ಕಾರ್ಡನ್ನು ಆಸ್ಪತ್ರೆಗೆ ಜ್ವರವೆಂದು ಬಂದ 1,000 ಜನರಿಗೆ ಮಾಡೋಣ. ಇವರಲ್ಲಿ 300 ಜನರಿಗೆ ರೋಗ ಇದೆ. ಹಿಡಿದದ್ದು 270, ತಪ್ಪಾಗಿ ಗೆರೆ ಬಂದದ್ದು 700ರಲ್ಲಿ 35. ಈಗ ಗೆರೆ ಬಂದ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ನಿಜವಾದ ರೋಗಿಗಳು. ಕಾರ್ಡು ಬದಲಾಗಿಲ್ಲ, ಬಂಗಾರ ಬದಲಾಗಿಲ್ಲ, ಬದಲಾದದ್ದು ಯಾರಿಗೆ ಮಾಡಿದೆವು ಎನ್ನುವುದು ಮಾತ್ರ. ಹಾಗಾಗಿ ‘ಈ ಕಿಟ್ 95 ಪರ್ಸೆಂಟ್ ಸರಿ’ ಎಂದು ಯಾರಾದರೂ ಹೇಳಿದರೆ, ‘ಯಾರ ಮೇಲೆ?’ ಎಂದು ಕೇಳಬೇಕು.

ಕೋವಿಡ್ ಕಾಲದಲ್ಲಿ ಇದರ ಇನ್ನೊಂದು ಮುಖ ಕಂಡಿತು. 2020ರ ಜೂನ್‌ನಲ್ಲಿ ಐಸಿಎಂಆರ್ ಮೊದಲ ಆ್ಯಂಟಿಜೆನ್ ಕಾರ್ಡಿಗೆ ಒಪ್ಪಿಗೆ ಕೊಟ್ಟಾಗ, ಅದು ಸೋಂಕಿತರನ್ನು ಹಿಡಿಯುವ ಪ್ರಮಾಣ ಎರಡು ಕಡೆಯ ಪರಿಶೀಲನೆಯಲ್ಲಿ ಶೇ 50.6ರಿಂದ ಶೇ 84ರವರೆಗೆ ಇತ್ತು. ಸೋಂಕಿಲ್ಲದವರನ್ನು ಗುರುತಿಸುವುದರಲ್ಲಿ ಶೇ 99ಕ್ಕಿಂತ ಮೇಲೆ. ಅಂದರೆ ಪಾಸಿಟಿವ್ ಬಂದರೆ ನಂಬಬಹುದು, ನೆಗೆಟಿವ್ ಬಂದರೆ ನಂಬುವ ಹಾಗಿಲ್ಲ. ಲಕ್ಷಣ ಇದ್ದೂ ನೆಗೆಟಿವ್ ಬಂದವರಿಗೆ, ವೈರಸ್ಸಿನ ಜೀನನ್ನು ವೃದ್ಧಿಸಿ ಹುಡುಕುವ ಆರ್‌ಟಿ-ಪಿಸಿಆರ್ ಎಂಬ ಲ್ಯಾಬ್ ಪರೀಕ್ಷೆ ಮಾಡಲೇಬೇಕು ಎಂದು ಅದೇ ಆದೇಶದಲ್ಲಿತ್ತು. ಜನರಿಗೆ ತಲುಪಿದ್ದು ಮಾತ್ರ ‘ರ‍್ಯಾಪಿಡ್‌ನಲ್ಲಿ ನೆಗೆಟಿವ್ ಬಂತು, ಮದುವೆಗೆ ಹೋಗಬಹುದು’ ಎಂಬಷ್ಟೇ.

ಕಾಗದದ ಸರಳತೆಗೂ ಪಿಸಿಆರ್‌ನ ಚುರುಕಿಗೂ ಗಂಟು ಹಾಕುವ ಯತ್ನವೂ ಆಗ ನಡೆಯಿತು. ದೆಹಲಿಯ ಸಿಎಸ್‌ಐಆರ್-ಐಜಿಐಬಿ ಸಂಶೋಧನಾ ಸಂಸ್ಥೆಯ ದೇಬಜ್ಯೋತಿ ಚಕ್ರವರ್ತಿ, ಸೌವಿಕ್ ಮೈತಿ ಅವರ ತಂಡ, ಬೇಕಾದ ಜೀನನ್ನೇ ಗುರುತಿಸಿ ಹಿಡಿಯುವ ಕ್ರಿಸ್ಪರ್ ತಂತ್ರ ಬಳಸಿ ‘ಫೆಲೂದಾ’ ಪರೀಕ್ಷೆ ರೂಪಿಸಿತು. ಹೆಸರು ಸತ್ಯಜಿತ್ ರಾಯ್ ಅವರ ಪತ್ತೇದಾರನದು. ವೈರಸ್ಸಿನ ಜೀನನ್ನು ಮೊದಲು ಯಂತ್ರದಲ್ಲಿ ವೃದ್ಧಿಸಿ, ನಂತರ ಗುರುತು ಹಿಡಿದದ್ದನ್ನು ಕಾಗದದ ಗೆರೆಯಲ್ಲೇ ತೋರಿಸುತ್ತಿತ್ತು. 2020ರ ಸೆಪ್ಟೆಂಬರಿನಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.

ಮನೆಯಲ್ಲಿ ಕಾರ್ಡು ಬಳಸುವವರಿಗೆ ಒಂದೆರಡು ಮಾತು. ಹೇಳಿದ ಹೊತ್ತಿಗೇ ಓದಿ. ಅರ್ಧ ದಿನ ಬಿಟ್ಟು ನೋಡಿದರೆ ಒಣಗಿದ ದ್ರವವೇ ಗೆರೆಯಂತೆ ಕಾಣಬಹುದು. ಪೊಟ್ಟಣವನ್ನು ಬಳಸುವ ಕ್ಷಣದಲ್ಲಿ ಮಾತ್ರ ಹರಿಯಿರಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಒಳಗಿನ ಪ್ರೋಟೀನು ಬೇಗ ಕೆಡುತ್ತದೆ. ಎಷ್ಟೋ ಕಾರ್ಡುಗಳ ಮೇಲೆ 30 ಡಿಗ್ರಿಯೊಳಗೆ ಇಡಿ ಎಂದು ಅಚ್ಚಾಗಿರುತ್ತದೆ. ಏಪ್ರಿಲ್‌ನಲ್ಲಿ ರಾಯಚೂರಿನ, ಕಲಬುರಗಿಯ ತಗಡಿನ ಮಾಡಿನ ಕೋಣೆಯಲ್ಲಿ ಆ ಪೆಟ್ಟಿಗೆ ಏನಾಗಿರುತ್ತದೆ ಎಂದು ನಾನು ಬೇರೆ ಹೇಳಬೇಕಿಲ್ಲ.

ಬಟ್ಟೆಯ ಮಾತು ಬಾಕಿ ಇತ್ತು. 2011ರಲ್ಲಿ ಬೆಂಗಳೂರಿನ ಅಚಿರಾ ಲ್ಯಾಬ್ಸ್‌ನ ಧನಂಜಯ ದೆಂಡುಕೂರಿ ಮತ್ತು ಸಂಗಡಿಗರು ಕಾಗದದ ಬದಲು ರೇಷ್ಮೆಯನ್ನು ಹಿಡಿದರು. ಪ್ರತಿಕಾಯ ಹೀರಿಸಿದ ನೂಲನ್ನು ಇತರ ನೂಲುಗಳ ಜೊತೆ ಮಗ್ಗದಲ್ಲಿ ನೇಯ್ದರೆ ಆ ಬಟ್ಟೆಯ ತುಂಡೇ ಪರೀಕ್ಷಾ ಪಟ್ಟಿ. ದ್ರವ ಎಳೆಗಳ ಗುಂಟ ಹರಿಯುತ್ತದೆ, ಹುಡುಕುವ ವಸ್ತು ಪ್ರತಿಕಾಯದ ನೂಲು ಅಡ್ಡ ಬಂದಲ್ಲಿ ನಿಲ್ಲುತ್ತದೆ. ಸೀರೆಗೆ ಅಂಚು ಹಾಕುವ ಕೈಗೆ ಎರಡು ಗೆರೆಗಳನ್ನು ಎಷ್ಟು ದೂರದಲ್ಲಿ ನೇಯಬೇಕೆಂದು ಹೇಳಿದರೆ ಸಾಕು. ಉಳಿದದ್ದು ಆ ಕೈಗೆ ಗೊತ್ತು.